ಏಳು ಅಧ್ಯಾಯ ಬರೆದು ನಿಂತಿದ್ದೇನೆ, ಎಂಟನೆಯದನ್ನು ಮುಂದೂಡುತ್ತಲೇ ಇದ್ದೇನೆ

ಹಿನ್ನೀರ ಹುಡುಗಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಕತೆ, ಕಾದಂಬರಿ ಬರೆಯುವವರು ತುಂಬ ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನು ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 41. ಹುಟ್ಟಿದ್ದು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ನಮ್ಮವರಿಗೆ ಸಾಗರ ಅಂದರೆ ಹೊಳೆ ದಾಟಿ ಹೋಗುವ ಊರಾಯಿತು. ಕಳಸವಳ್ಳಿಯಲ್ಲಿ ಲಾಂಚ್ ಹತ್ತಿ ಹೊಳೆಬಾಗಿಲಿನಲ್ಲಿ ಇಳಿಯುತ್ತಿದ್ದೆವು. ಬಸ್ಸು, ಜೀಪು, ಅಡಿಕೆ ಚೀಲ, ಮದುವೆ ದಿಬ್ಬಣ ಎಲ್ಲ ಅದರ ಮೇಲೆಯೇ. ಸಂಜೆಯ ಕೊನೆ ಲಾಂಚ್ ತಪ್ಪಿತು ಅಂದರೆ ಬೆಳಗಿನವರೆಗೆ ಕಾಯಬೇಕಿತ್ತು, ಇಲ್ಲವೇ ಹೊಸನಗರದ ಕಡೆಯಿಂದ ಸುತ್ತಿ ಹೋಗಬೇಕಿತ್ತು. ನನ್ನ ಕಾದಂಬರಿ ಆ ಲಾಂಚಿನದು.

2020ರ ಲಾಕ್‌ಡೌನ್‌ನಲ್ಲಿ ಮಂಡಿ ಮುಚ್ಚಿದ್ದಾಗ ಶುರು ಮಾಡಿದೆ. 200 ಪುಟದ ಲಾಂಗ್ ನೋಟ್‌ಬುಕ್, ನೀಲಿ ಪೆನ್. ಮುಂದಿನ ಜನವರಿ ಹೊತ್ತಿಗೆ ಏಳು ಅಧ್ಯಾಯ, 112 ಪುಟ ಆಗಿತ್ತು. ಅಲ್ಲಿಂದ ಈಚೆಗೆ ಎಂಟನೇ ಅಧ್ಯಾಯದ ಒಂದು ಸಾಲೂ ಆಗಿಲ್ಲ. ನಾಲ್ಕೂವರೆ ವರ್ಷ.

ಕೈಕಟ್ಟಿ ಕೂತಿದ್ದೇನೆ ಅಂತಲ್ಲ. ನನಗೆ ಅರ್ಥವಾಗದಿರುವುದೇ ಅದು. ಕಾದಂಬರಿಯ ಕೆಲಸ ಹೆಚ್ಚುಕಮ್ಮಿ ದಿನವೂ ಮಾಡುತ್ತೇನೆ, ಬರೆಯುವುದೊಂದನ್ನು ಬಿಟ್ಟು. ಯಾವ ಕಾಲದಲ್ಲಿ ಲಾಂಚ್ ಎಷ್ಟು ಹೊತ್ತಿಗೆ ಬಿಡುತ್ತಿತ್ತು ಅಂತ ಹಳಬರನ್ನು ಕೇಳಿ ಬರೆದಿಟ್ಟಿದ್ದೇನೆ. ಜಲಾಶಯದ ಮಟ್ಟ ಪತ್ರಿಕೆಯಲ್ಲಿ ಬಂದಾಗೆಲ್ಲ ಕತ್ತರಿಸಿ ಅಂಟಿಸಿದ್ದೇನೆ. ತುಂಬಿದರೆ 1,819 ಅಡಿ, ಬಾಯಿಪಾಠ ಆಗಿಬಿಟ್ಟಿದೆ. ನೀರು ಇಳಿದು ವಾಹನ ಹತ್ತಿಸುವುದನ್ನು ನಿಲ್ಲಿಸಿ, ಬರೀ ಜನರನ್ನು ದಾಟಿಸಿದ ಬೇಸಿಗೆಗಳ ಪಟ್ಟಿ ಇದೆ. ನೀರು ತೀರಾ ಕಡಿಮೆಯಾದಾಗ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದಲ್ಲ, ಅದನ್ನು ನೋಡಲು ಎರಡು ಸಲ ಹೋಗಿ ಬಂದೆ. ಮೂರು ರಟ್ಟಿನ ಫೈಲ್ ತುಂಬಿವೆ. ಮೊದಲ ಅಧ್ಯಾಯವನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದೆ. ಆಮೇಲೆ ಯೂನಿಕೋಡ್‌ಗೆ ಬದಲಿಸಿದೆ. ಬದಲಿಸುವಾಗ ಒತ್ತಕ್ಷರ ಕೆಟ್ಟವು ಅಂತ ಮತ್ತೆ ಮೊದಲಿನಿಂದ ಟೈಪ್ ಮಾಡಿದೆ.

2025ರ ಜುಲೈ 14ಕ್ಕೆ ಆ ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರಿಗಿಂತ ಉದ್ದ. ಆ ವಾರವೇ ಅಮ್ಮನನ್ನು ಕರೆದುಕೊಂಡು ದಾಟಿದೆ. ಆಚೆ ದಡ ಮುಟ್ಟುವವರೆಗೆ ಅಮ್ಮ ಮಾತೇ ಆಡಲಿಲ್ಲ. ನನಗೆ ಸಂತೋಷವೂ ಆಯಿತು, ಹೊಟ್ಟೆಯಲ್ಲಿ ಏನೋ ಸಂಕಟವೂ ಆಯಿತು. ನಾನು ಬರೆದು ಮುಗಿಸುವುದರೊಳಗೆ ಲಾಂಚಿನ ಕಾಲವೇ ಮುಗಿದುಹೋಯಿತು.

ಸಮಯ ಇಲ್ಲ ಅಂತ ಹೇಳಲಾರೆ. ಬೆಳಿಗ್ಗೆ 5ರಿಂದ 6 ನನ್ನದೇ. ಮಗನಿಗೆ ಈ ವರ್ಷ ಹತ್ತನೇ ಕ್ಲಾಸು, ಅವನು ಏಳುವುದು ಆರಕ್ಕೆ. ಆ ಒಂದು ಗಂಟೆ ನೋಟ್‌ಬುಕ್ ಮುಂದೆ ಕೂರುತ್ತೇನೆ. ಕೂತು ಫೈಲ್ ಬಿಚ್ಚುತ್ತೇನೆ. ಇನ್ನೆರಡು ತಿಂಗಳಿಗೆ ಅಡಿಕೆ ಕೊನೆಕೊಯ್ಲು ಶುರುವಾದರೆ ಮಂಡಿಯಲ್ಲಿ ಉಸಿರಾಡಲೂ ಆಗುವುದಿಲ್ಲ. ಅಷ್ಟರೊಳಗೆ ಎಂಟನೇ ಅಧ್ಯಾಯ ಆಗಲೇಬೇಕು. ನೀವೆಲ್ಲ ಹೇಗೆ ಮಾಡುತ್ತೀರಿ? ದಯವಿಟ್ಟು ಹೇಳಿ.

ಅಂಚೆ ಚೀಲ:

ಅಕ್ಕಾರೇ, ನಾನು ಹುಬ್ಬಳ್ಳಿ ಆರ್‌ಎಂಎಸ್‌ನಲ್ಲಿ, ಅಂದರೆ ರೈಲ್ವೆ ಅಂಚೆ ವಿಭಾಗದಲ್ಲಿ, ಕಾಗದ ವಿಂಗಡಿಸುವವನು. ರಾತ್ರಿ ಪಾಳಿ ಮುಗಿಸಿ ಬಂದು ಮಕ್ಕಳ ಕತೆ ಬರೆಯುತ್ತೇನೆ. ನನಗೆ ದಾರಿ ತೋರಿಸಿದವರು ನಮ್ಮ ಅಂಚೆಯವರೇ ಒಬ್ಬರು, ಇಂಗ್ಲೆಂಡಿನ ಆಂಥನಿ ಟ್ರೊಲೊಪ್. 33 ವರ್ಷ ಅಂಚೆ ಇಲಾಖೆಯಲ್ಲಿ ದುಡಿದು 47 ಕಾದಂಬರಿ ಬರೆದರು. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ. ಎಬ್ಬಿಸಿ ಕಾಫಿ ತಂದುಕೊಡಲು ಮನೆಯ ಆಳಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದರಂತೆ. ಎದುರಿಗೆ ಗಡಿಯಾರ ಇಟ್ಟುಕೊಂಡು ಕಾಲು ಗಂಟೆಗೆ 250 ಪದ.

ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು. ದಿನಕ್ಕೆ ಎಷ್ಟು ಪುಟ ಆಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬರೆಯದ ದಿನ ಆ ಖಾಲಿ ಜಾಗ ಕಣ್ಣಿಗೆ ರಾಚುತ್ತಿತ್ತು ಅಂತ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾರೆ. ನಿಮ್ಮ ಮಂಡಿಯ ಕೀರ್ದಿ, ಅದೇ ದಿನದ ಲೆಕ್ಕದ ಪುಸ್ತಕ, ಅದೂ ಹಾಗೆಯೇ ಅಲ್ವಾ? ಆ ದಿನದ್ದು ಆ ದಿನವೇ ಬರೆಯಬೇಕು. ಕಾದಂಬರಿಗೂ ಒಂದು ಕೀರ್ದಿ ಇಡಿ.

ಆದರೆ ಅವರ ಅಂಕಿಯನ್ನು ಹಾಗೇ ಎತ್ತಿಕೊಳ್ಳಬೇಡಿ. ನಾನು ಆ ತಪ್ಪು ಮಾಡಿ ಮೂರು ತಿಂಗಳು ಸೋತೆ. ಕನ್ನಡದ ಪದ ಉದ್ದ. ‘ಮನೆಯಲ್ಲಿದ್ದಾಗಲೂ’ ಅಂದರೆ ನಮಗೆ ಒಂದೇ ಪದ. ಅದೇ ಮಾತಿಗೆ ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕು. 250 ಇಂಗ್ಲಿಷ್ ಪದದ ಕೆಲಸ ಕನ್ನಡದಲ್ಲಿ ಎಷ್ಟೋ ಕಡಿಮೆ ಪದದಲ್ಲಿ ಮುಗಿಯುತ್ತದೆ. ಅದನ್ನು ತಿಳಿಯದೆ ದಿನವೂ ಲೆಕ್ಕ ಕಡಿಮೆ ಬಿತ್ತು ಅಂತ ಕೊರಗುತ್ತಿದ್ದೆ. ಈಗ ಪದ ಎಣಿಸುವುದಿಲ್ಲ. ಗೆರೆ ಎಳೆದ ಹಾಳೆಯಲ್ಲಿ ಹತ್ತು ಸಾಲು ಆದರೆ ಎದ್ದುಬಿಡುತ್ತೇನೆ. ಹನ್ನೊಂದನೇ ಸಾಲು ಬರುತ್ತಿದ್ದರೂ ಅದನ್ನು ನಾಳೆಗೆ ಬಿಡುತ್ತೇನೆ.

ಕುಕ್ಕರಹಳ್ಳಿ ದಂಡೆ:

ಅಂಚೆ ಚೀಲ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಅಮೆರಿಕದಲ್ಲಿ 1999ರಲ್ಲಿ ಶುರುವಾದ ‘ನ್ಯಾನೋರೈಮೋ’ ಅಂತ ಇತ್ತು, ನವೆಂಬರ್ ತಿಂಗಳೊಂದರಲ್ಲೇ 50,000 ಪದ ಬರೆಯುವುದು. ದಿನಕ್ಕೆ 1,667. ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು. ಎರಡು ವರ್ಷದ ಹಿಂದೆ ಕನ್ನಡದಲ್ಲಿ ಪ್ರಯತ್ನಪಟ್ಟು ನಾನು ಹನ್ನೊಂದನೇ ದಿನ ಕೈಬಿಟ್ಟೆ. ಅಕ್ಕಾ, ನಿಮಗಂತೂ ನವೆಂಬರ್ ಕೊಯ್ಲಿನ ಕಾಲ, ಆ ಕಡೆ ನೋಡಲೇಬೇಡಿ.

ನನಗೆ ಕೆಲಸಕ್ಕೆ ಬಂದದ್ದು ಒಂದೇ. ಬರೆಯುವ ಗೆಳತಿ ಒಬ್ಬಳಿದ್ದಾಳೆ. ಭಾನುವಾರ ರಾತ್ರಿ ಎಂಟಕ್ಕೆ ಇಬ್ಬರೂ ಆ ವಾರ ಬರೆದದ್ದರ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳುತ್ತೇವೆ. ಓದುವ ಹಾಗಿಲ್ಲ, ಅಭಿಪ್ರಾಯ ಹೇಳುವ ಹಾಗಿಲ್ಲ. ಬಂತು ಅಂತ ಒಂದು ಮಾತು ಸಾಕು. ಬೇಕಿದ್ದರೆ ನನಗೆ ಕಳಿಸಿ, ನಿಜವಾಗಿ ಹೇಳುತ್ತಿದ್ದೇನೆ.

ಹಿನ್ನೀರ ಹುಡುಗಿ:

ಇಬ್ಬರಿಗೂ ಧನ್ಯವಾದ. ಕೀರ್ದಿ ಇಡುವ ಮಾತು ಮನಸ್ಸಿಗೆ ನಾಟಿತು, ಇವತ್ತೇ ಒಂದು ಪುಸ್ತಕ ತಂದೆ. ಆದರೆ ದಿನಕ್ಕೊಂದು ಪುಟ ಅಂತ ನಾನೂ ಮಾಡಿ ನೋಡಿದ್ದೇನೆ. ಬೇರೆ ಏನು ಬೇಕಾದರೂ ಬರೆಯುತ್ತೇನೆ. ಹೋದ ವರ್ಷ ಪತ್ರಿಕೆಗೆ ಎರಡು ಪ್ರಬಂಧ ಬರೆದೆ, ಒಂದು ಬಂತು ಕೂಡ. ಹತ್ತನೇ ಅಧ್ಯಾಯ ಹೇಗಿರುತ್ತದೆ ಅಂತಲೂ ಕಣ್ಣಿಗೆ ಕಟ್ಟಿದೆ. ಎಂಟು ಅಂತ ಹಾಳೆಯ ಮೇಲೆ ಬರೆದ ತಕ್ಷಣ ಪೆನ್ ಕೆಳಗಿಟ್ಟು ಫೈಲ್ ತೆಗೆಯುತ್ತೇನೆ.

ಹಳೇ ಡೆಸ್ಕು:

ತಾಯೀ, ನಿಮ್ಮ ಎರಡೂ ಬರಹವನ್ನು ನಿಧಾನವಾಗಿ ಓದಿದೆ. ಲಾಂಚಿನ ಹೊತ್ತು ಹೇಳಿದಿರಿ, ನೀರಿನ ಮಟ್ಟ ಹೇಳಿದಿರಿ, ಪೆನ್ನಿನ ಬಣ್ಣವನ್ನೂ ಹೇಳಿದಿರಿ. ಎಂಟನೇ ಅಧ್ಯಾಯದಲ್ಲಿ ಏನಾಗುತ್ತದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ನಾನು ಒಂದು ವಾರಪತ್ರಿಕೆಯಲ್ಲಿ 26 ವರ್ಷ ಇದ್ದೆ. ಧಾರಾವಾಹಿ ನನ್ನ ಮೇಜಿಗೆ ಬರುತ್ತಿತ್ತು. ಆಗ ಕಂತುಗಳು ಅಂಚೆಯಲ್ಲಿ ಬರುತ್ತಿದ್ದವು. ತಡವಾದರೆ ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲಿ ಕವರ್ ಕೊಟ್ಟು ಕಳಿಸುತ್ತಿದ್ದರು. ನಾನು ಬೆಳಿಗ್ಗೆ ಮೆಜೆಸ್ಟಿಕ್‌ಗೆ ಹೋಗಿ ಇಸಿದುಕೊಂಡು ನೇರ ಕಂಪೋಸಿಂಗ್‌ಗೆ ಕೊಡುತ್ತಿದ್ದೆ. ವಾರಕ್ಕೊಂದು ಕಂತು ಕೊಡಲೇಬೇಕಾದವರಿಗೆ ಮುಂದೂಡಲು ಜಾಗವೇ ಇರುವುದಿಲ್ಲ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಿಲ್ಲ.

ಒಬ್ಬ ಲೇಖಕಿ ಇದ್ದರು. ಹದಿನೇಳು ಕಂತು ಗಡಿಯಾರದ ಹಾಗೆ ಕಳಿಸಿದರು. ಹದಿನೆಂಟನೆಯದು ಬರಲಿಲ್ಲ. ನನ್ನ ಹತ್ತಿರ ಎರಡು ಕಂತು ಕೂಡಿಟ್ಟದ್ದು ಇತ್ತು, ಹೇಗೋ ನಡೆಯಿತು. ಫೋನ್ ಮಾಡಿದರೆ ಮನೆಗೆ ಸುಣ್ಣಬಣ್ಣ ಅಂದರು. ಮುಂದಿನ ವಾರ ನೆಂಟರು ಅಂದರು. ಮೂರನೇ ಸಲ ನಾನು ಕಂತು ಕೇಳಲಿಲ್ಲ. ‘ಈ ಕಂತಿನಲ್ಲಿ ಏನಾಗುತ್ತದೆ ಮೇಡಂ?’ ಅಂತ ಕೇಳಿದೆ. ಆಚೆ ಕಡೆ ತುಂಬ ಹೊತ್ತು ಮಾತಿಲ್ಲ. ಆಮೇಲೆ, ‘ಅವಳು ತವರಿಗೆ ಹೋಗುತ್ತಾಳೆ, ಅಣ್ಣ ಬಾಗಿಲು ತೆಗೆಯುವುದಿಲ್ಲ’ ಅಂದರು. ಅದು ಯಾರ ಅಣ್ಣ ಅಂತ ನಾನು ಕೇಳಲಿಲ್ಲ. ‘ಹದಿನೆಂಟು ಬಿಡಿ, ಹತ್ತೊಂಬತ್ತನೆಯದು ಬರೆದು ಕಳಿಸಿ, ಹದಿನೆಂಟು ನಡುವೆ ಸೇರಿಸೋಣ’ ಅಂದೆ. ಹತ್ತೊಂಬತ್ತು ಬಂತು. ಎರಡು ದಿನ ಬಿಟ್ಟು ಹದಿನೆಂಟೂ ಬಂತು. ಬರೀ ನಾಲ್ಕು ಪುಟ. ಎಲ್ಲಕ್ಕಿಂತ ಜಾಸ್ತಿ ಕಾಗದ ಬಂದದ್ದು ಆ ಕಂತಿಗೇ.

ಅಲ್ಲಿಂದ ಮುಂದೆ ಯಾರ ಕಂತು ತಡವಾದರೂ ಯಾವಾಗ ಕೊಡುತ್ತೀರಿ ಅಂತ ನಾನು ಮೊದಲು ಕೇಳುತ್ತಿರಲಿಲ್ಲ. ಕತೆ ಎಲ್ಲಿದೆ ಅಂತ ಕೇಳುತ್ತಿದ್ದೆ. ಮೈಗಳ್ಳತನ ಆದರೆ ಅದು ಎಲ್ಲ ಪುಟದಲ್ಲೂ ಇರಬೇಕಿತ್ತು. ನಿಮ್ಮದು ಒಂದೇ ಪುಟದಲ್ಲಿದೆ. ಆ ಪುಟದಲ್ಲಿ ಏನೋ ನೋಯುತ್ತದೆ. ಫೈಲ್ ತೆಗೆದಾಗ ಆ ನೋವು ಒಂದು ಗಂಟೆ ಮಟ್ಟಿಗೆ ನಿಲ್ಲುತ್ತದೆ. ಹಾಗಾಗಿ ಮರುದಿನವೂ ಕೈ ಫೈಲಿಗೇ ಹೋಗುತ್ತದೆ. ಇಷ್ಟೇ ಅಂತ ನನಗೆ ಅನಿಸುತ್ತದೆ. ತಪ್ಪಾಗಿದ್ದರೆ ಮನ್ನಿಸಿ.

ಮಾಡಬೇಕಾದ್ದು ಹೇಳುತ್ತೇನೆ. ಆ ಅಧ್ಯಾಯವನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆಯಬೇಡಿ. ಚೆಂದದ ಪುಸ್ತಕದಲ್ಲಿ ಬರೆದದ್ದು ಅಲ್ಲೇ ಉಳಿಯುತ್ತದೆ ಅನ್ನುವ ಹೆದರಿಕೆ ಇರುತ್ತದೆ. ಮಂಡಿಯಲ್ಲಿ ರದ್ದಿಗೆ ಹೋಗುವ ಹಾಳೆ ಇರುತ್ತವಲ್ಲ, ಅವುಗಳ ಹಿಂಬದಿ ಸಾಕು. ಅಧ್ಯಾಯ ಅಂತಲೂ ಬರೆಯಬೇಡಿ. ಯಾರಿಗೆ ಹೆದರುತ್ತಿದ್ದೀರೋ ಅವರಿಗೆ ಒಂದು ಕಾಗದ ಅಂತ ಶುರು ಮಾಡಿ. ಆ ಕಾಗದವನ್ನು ಡಬ್ಬಿಗೆ ಹಾಕುವುದಿಲ್ಲ. ಬರೆಯುವುದು ಒಂದು ತೀರ್ಮಾನ, ಅಚ್ಚು ಹಾಕಿಸುವುದು ಬೇರೆ ತೀರ್ಮಾನ. ನೀವು ಎರಡನ್ನೂ ಬೆಳಿಗ್ಗೆ ಐದು ಗಂಟೆಗೆ ಒಟ್ಟಿಗೆ ತೆಗೆದುಕೊಳ್ಳಲು ಹೊರಟಿದ್ದೀರಿ. ಎರಡನೆಯದಕ್ಕೆ ಇನ್ನೂ ವರ್ಷಗಟ್ಟಲೆ ಸಮಯ ಇದೆ.

ಮೂರು ಫೈಲನ್ನೂ ಪಕ್ಕದ ಮನೆಯಲ್ಲಿಟ್ಟು ಬನ್ನಿ. ಕಪಾಟಿನ ಮೇಲೆ ಇಟ್ಟರೆ ಸಾಲದು.

ಹಿನ್ನೀರ ಹುಡುಗಿ:

ಸರ್, ನಿಮ್ಮ ಉತ್ತರ ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಈಗ ಹೇಳುತ್ತೇನೆ.

ನನಗೆ ಆಗ ಒಂಬತ್ತು ವರ್ಷ. ಜೋರು ಮಳೆಗಾಲ. ಅತ್ತೆ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ದಿನ ತುಂಬುವ ಮೊದಲೇ ನೋವು ಬಂತು, ಅಷ್ಟರಲ್ಲಿ ಕೊನೆ ಲಾಂಚ್ ಹೋಗಿತ್ತು. ಊರಿನಲ್ಲಿ ಜೀಪ್ ಇದ್ದದ್ದು ಚಿಕ್ಕಪ್ಪನ ಹತ್ತಿರ ಮಾತ್ರ. ಅಪ್ಪನಿಗೂ ಅವರಿಗೂ ಪಾಲಿನ ವಿಷಯಕ್ಕೆ ಮಾತು ನಿಂತಿತ್ತು. ಅಪ್ಪ ಹೋಗಿ ಕೇಳಿದರು. ಈ ಮಳೆಯಲ್ಲಿ ಸುತ್ತು ದಾರಿಯಲ್ಲಿ ಜೀಪ್ ಹೋಗುವುದಿಲ್ಲ ಅಂದರಂತೆ ಚಿಕ್ಕಪ್ಪ. ಬೆಳಿಗ್ಗೆ ಮೊದಲ ಲಾಂಚ್ ಬರುವುದರೊಳಗೆ ಅತ್ತೆ ಇರಲಿಲ್ಲ.

ಚಿಕ್ಕಪ್ಪನಿಗೆ ಈಗ 76. ಪ್ರತಿ ಶನಿವಾರ ನನಗೆ ಫೋನ್ ಮಾಡುತ್ತಾರೆ. ನನ್ನ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತು ಧಾರೆ ಎರೆದವರು ಅವರೇ. ‘ಕಾದಂಬರಿ ಎಲ್ಲಿಗೆ ಬಂತು ಮಗಾ?’ ಅಂತ ಬೇರೆ ಕೇಳುತ್ತಾರೆ.

ಬನವಾಸಿ ದಾರಿ:

ಅಕ್ಕಾ, ಓದಿ ತುಂಬ ಬೇಜಾರಾಯಿತು. ಆದರೂ ಒಂದು ಮಾತು ಹೇಳಲೇಬೇಕು. ಫೈಲ್‌ಗಳನ್ನು ದೂರ ಇಡಿ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಲಾಂಚ್ ಓಡಿಸಿದವರಿಗೆ, ದಡದಲ್ಲಿ ಅಂಗಡಿ ಇಟ್ಟವರಿಗೆ ವಯಸ್ಸಾಗುತ್ತಿದೆ. ಇವತ್ತು ಕೇಳದಿದ್ದರೆ ಮುಂದೆ ಕೇಳಲು ಅವರು ಇರುವುದಿಲ್ಲ. ನೀವು ಕೂಡಿಟ್ಟದ್ದು ಕಾದಂಬರಿ ಆಗದಿದ್ದರೂ ಆ ಊರಿನ ಆಸ್ತಿ. ಅದನ್ನು ವ್ಯರ್ಥ ಅಂತ ಮಾತ್ರ ಅಂದುಕೊಳ್ಳಬೇಡಿ.

ಎರಡಕ್ಕೂ ಬೇರೆ ಬೇರೆ ಹೊತ್ತು ಇಡಿ. ಬೆಳಿಗ್ಗೆ ಬರವಣಿಗೆ, ಭಾನುವಾರ ಮಧ್ಯಾಹ್ನ ಮಾಹಿತಿ. ಬರೆಯುವಾಗ ಯಾವುದಾದರೂ ಗೊತ್ತಾಗಲಿಲ್ಲ ಅಂದರೆ ಅಲ್ಲೊಂದು ಇಂಟು ಮಾರ್ಕ್ ಹಾಕಿ ಮುಂದೆ ಹೋಗಿ. ನಾನು ಹಾಗೆಯೇ ಮಾಡುವುದು. ನನ್ನ ಕತೆಯ ಒಂದು ಪುಟದಲ್ಲಿ ಒಂಬತ್ತು ಇಂಟು ಮಾರ್ಕ್ ಇದ್ದವು. ಕತೆ ಮುಗಿದ ಮೇಲೆ ನೋಡಿದರೆ ಹುಡುಕಲೇಬೇಕಾಗಿದ್ದದ್ದು ಎರಡು.

ಹಳೇ ಡೆಸ್ಕು:

ಬನವಾಸಿ ದಾರಿ ಅವರು ಹೇಳಿದ್ದು ಸರಿ, ನನ್ನ ಮಾತು ತಿದ್ದಿಕೊಳ್ಳುತ್ತೇನೆ. ಫೈಲ್‌ಗಳು ಭಾನುವಾರ ಮನೆಗೆ ಬರಲಿ.

ಹಿನ್ನೀರ ಹುಡುಗಿ ಅವರೇ, ಇಷ್ಟು ದಿನ ನೀವು ತಡೆದದ್ದು ಆ ಮನುಷ್ಯರ ಮೇಲಿನ ಪ್ರೀತಿಯಿಂದ. ಅದನ್ನು ಬಿಡಬೇಡಿ. ಆ ಪ್ರೀತಿಯೂ ಅಧ್ಯಾಯದೊಳಗೆ ಬರಲಿ. ಜೀಪ್ ಕೊಡದ ಕೈ ಮತ್ತು ಧಾರೆ ಎರೆದ ಕೈ ಎರಡೂ ಒಬ್ಬರದೇ ಅಲ್ವಾ. ಒಂದನ್ನೇ ಬರೆದರೆ ನಿಮಗೂ ಸುಳ್ಳು ಅನಿಸುತ್ತದೆ.

ಹಿನ್ನೀರ ಹುಡುಗಿ:

ಮೂರು ವಾರ ಆಯಿತು. ನಡುವೆ ಚೌತಿ ಹಬ್ಬವೂ ಬಂತು. ಏನಾಯಿತು ಅಂತ ಹೇಳಲು ಬಂದೆ.

ಫೈಲ್‌ಗಳನ್ನು ಪಕ್ಕದ ಮನೆಯ ಅಕ್ಕನ ಹತ್ತಿರ ಕೊಟ್ಟೆ, ಕಾರಣ ಕೇಳದೆ ಇಟ್ಟುಕೊಂಡರು. ಹಳೇ ಪಟ್ಟಿ ಹಾಳೆಗಳನ್ನು ಮಂಡಿಯಿಂದ ಕೇಳಿ ತಂದೆ. ಮುಂಬದಿಯಲ್ಲಿ ರಾಶಿ ಅಡಿಕೆ ಎಷ್ಟು ಚೀಲ, ಬೆಟ್ಟೆ ಅಡಿಕೆ ಎಷ್ಟು ಚೀಲ, ದರ ಎಷ್ಟು ಅಂತ ಇದೆ. ಹಿಂದೆ ‘ಚಿಕ್ಕಪ್ಪಾ’ ಅಂತ ಶುರು ಮಾಡಿದೆ.

ಮೊದಲ ದಿನ ಮೂರು ಸಾಲು. ಎರಡನೇ ದಿನ ಆ ಮೂರನ್ನೂ ಹೊಡೆದು ಹಾಕಿದೆ. ಕೀರ್ದಿಯಲ್ಲಿ ಸೊನ್ನೆ ಬರೆದೆ. ಮೂರನೇ ದಿನ ಅಳು ಬಂತು, ಬರೆಯುತ್ತಲೇ ಇದ್ದೆ. ಆಗ ಒಂದು ವಿಷಯ ನೆನಪಾಯಿತು. ಅಪ್ಪ ಜೀಪ್ ಕೇಳಲು ಹೋದಾಗ ನಾನೂ ಹಿಂದೆ ಓಡಿ ಹೋಗಿದ್ದೆ. ದೊಡ್ಡವರು ಏನು ಮಾತಾಡಿದರು ಅನ್ನುವುದು ನನಗೆ ಗೊತ್ತೇ ಇಲ್ಲ, ಕೇಳಿದ್ದು ಆಮೇಲೆ ಅವರಿವರ ಬಾಯಲ್ಲಿ. ನನಗೆ ಗೊತ್ತಿರುವುದು ಜೀಪಿಗೆ ಹೊದಿಸಿದ್ದ ಟಾರ್ಪಾಲಿನ ಮೇಲೆ ಮಳೆ ಬೀಳುತ್ತಿದ್ದ ಸದ್ದು. ಮತ್ತು ಚಿಕ್ಕಪ್ಪ ಬಾಗಿಲ ಹತ್ತಿರ ನಿಂತು ಅಪ್ಪನನ್ನು ನೋಡದೆ ನನ್ನನ್ನೇ ನೋಡುತ್ತಿದ್ದದ್ದು. ಇಷ್ಟು ವರ್ಷ ಕೂಡಿಟ್ಟ ಯಾವ ಹಾಳೆಯಲ್ಲೂ ಇದು ಇರಲಿಲ್ಲ.

ಈಗ ಹನ್ನೊಂದು ಹಾಳೆ ಆಗಿವೆ. ನಾಲ್ಕು ಇಂಟು ಮಾರ್ಕ್. ಕುಕ್ಕರಹಳ್ಳಿ ದಂಡೆ ಅವರಿಗೆ ಪ್ರತಿ ಭಾನುವಾರ ಫೋಟೋ ಹೋಗುತ್ತಿದೆ, ಮಾತು ಕೊಟ್ಟಂತೆ ಅವರು ಓದುತ್ತಿಲ್ಲ ಅಂತ ನಂಬಿದ್ದೇನೆ. ಅಂಚೆ ಚೀಲ ಅವರು ಹೇಳಿದ ಹಾಗೆ ಬರುವ ಸಾಲನ್ನು ಮರುದಿನಕ್ಕೆ ಬಿಟ್ಟು ಏಳುವುದು ಮಾತ್ರ ತುಂಬ ಕಷ್ಟ. ಆದರೆ ಮರುದಿನ ಫೈಲಿನ ನೆನಪೇ ಬರುವುದಿಲ್ಲ, ಆ ಸಾಲು ಕಾಯುತ್ತಿರುತ್ತದೆ.

ಚೌತಿಗೆ ಊರಿಗೆ ಹೋಗಿದ್ದೆ. ಚಿಕ್ಕಪ್ಪ ಕೋಲು ಹಿಡಿದು ಅಂಗಳದವರೆಗೆ ಬಂದರು. ಎಲ್ಲಿಗೆ ಬಂತು ಅಂತ ಕೇಳಿದರು. ಎಂಟನೆಯದು ಬರೆಯುತ್ತಿದ್ದೇನೆ ಅಂದೆ. ಮುಂದೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರಿಗೆ ತೋರಿಸುವುದೋ ಬೇಡವೋ ನನಗೆ ಇನ್ನೂ ಗೊತ್ತಿಲ್ಲ.

ಸರ್, ನಿಮ್ಮನ್ನು ಇನ್ನೊಂದು ಕೇಳಬೇಕಿತ್ತು. ಏಳು ಅಧ್ಯಾಯದಲ್ಲೂ ಮಾತುಗಳನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲೇ ಬರೆದಿದ್ದೇನೆ. ಈ ಹನ್ನೊಂದು ಹಾಳೆಯಲ್ಲಿ ಚಿಕ್ಕಪ್ಪ, ಅಪ್ಪ, ಅತ್ತೆ ಎಲ್ಲರೂ ನಮ್ಮ ಮನೆಮಾತಿನಲ್ಲೇ ಮಾತಾಡುತ್ತಿದ್ದಾರೆ. ನಾನು ಬೇಕಂತ ಮಾಡಿದ್ದಲ್ಲ, ತಾನಾಗಿ ಹಾಗೆ ಬಂತು. ಇದನ್ನು ಹಿಂದಿನದಕ್ಕೆ ಹೊಂದಿಸಲಾ, ಇಲ್ಲ ಹಿಂದಿನ ಏಳನ್ನೂ ಇದಕ್ಕೆ ಹೊಂದಿಸಿ ತಿದ್ದಲಾ? ತಿದ್ದುವುದಾದರೆ ಎಂಟು ಮುಗಿದ ಮೇಲೆಯೇ ಅಂತ ಇಟ್ಟುಕೊಂಡಿದ್ದೇನೆ.